ಅಪ್‌ಡೇಟ್: ನೃತ್ಯದ ಪದವಿಗೆ ಸೇರಿದೆ

ನೃತ್ಯವನ್ನು ಯೂನಿವರ್ಸಿಟಿಯಲ್ಲಿ ಓದಿದರೆ ವೇದಿಕೆ ಬಿಟ್ಟು ಬೇರೆ ಕೆಲಸ ಸಿಗುತ್ತದಾ ಅಂತ ಹಿಂದೆ ಕೇಳಿದ್ದೆ. ಸೇರಿಕೊಂಡೆ, ಮೊದಲ ವರ್ಷ ಮುಗಿಯಿತು. ಧೈರ್ಯ ತುಂಬಿದ ಎಲ್ಲರಿಗೂ ಥ್ಯಾಂಕ್ಸ್.

ದಿನವಿಡೀ ಬರೀ ಕುಣಿತ ಇರುವುದಿಲ್ಲ. ಅಂಗರಚನೆ, ನೃತ್ಯದ ಇತಿಹಾಸ, ಸಂಯೋಜನೆ, ಪ್ರಬಂಧ ಬರೆಯುವುದು ಎಲ್ಲವೂ ಇವೆ. ನನಗೆ ತುಂಬಾ ಹಿಡಿಸಿದ್ದು ನೃತ್ಯ ಸಂಯೋಜಕ ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ ನೃತ್ಯಲಿಪಿ, ಅಂದರೆ ಚಲನೆಗಳನ್ನು ಚಿಹ್ನೆಗಳಲ್ಲಿ ಬರೆದಿಡುವ ವಿಧಾನ. ಅದನ್ನು ಪುಟದ ಕೆಳಗಿನಿಂದ ಮೇಲಕ್ಕೆ ಓದಬೇಕು. ಚಿಹ್ನೆಯ ಆಕಾರ ದಿಕ್ಕನ್ನು ಹೇಳುತ್ತದೆ, ಅದರ ಉದ್ದ ಚಲನೆಗೆ ಹಿಡಿಯುವ ಸಮಯವನ್ನು. ಕಣ್ಣಾರೆ ನೋಡದ ನೃತ್ಯವನ್ನೂ ಕಾಗದದಿಂದ ಎಬ್ಬಿಸಬಹುದು, ಎಷ್ಟು ಚೆಂದ ಅಲ್ವಾ! ಹಳೆಯ ಕೃತಿಗಳನ್ನು ಮತ್ತೆ ವೇದಿಕೆಗೆ ತರುವವರಿಗೆ ಇದು ಬೇಕೇ ಬೇಕಾಗುವ ಸಂದರ್ಭಗಳಿವೆ.

ಇನ್ನು ಕೆಲಸದ ಮಾತು. ಬರೀ ಪ್ರದರ್ಶನ ನಂಬಿದರೆ ಆದಾಯದಲ್ಲಿ ಏರುಪೇರು ಜಾಸ್ತಿ. ಸೀನಿಯರ್‌ಗಳಲ್ಲಿ ಹಲವರು ಜೊತೆಗೆ ಪಾಠವನ್ನೂ ಹೇಳುತ್ತಾರೆ. ನನ್ನ ಮನಸ್ಸು ಮಾತ್ರ ನೃತ್ಯ ಚಿಕಿತ್ಸೆಯ ಕಡೆ, ಅಂದರೆ ಚಲನೆಯ ಮೂಲಕ ಜನರ ಮನಸ್ಸಿಗೆ ನೆರವಾಗುವ ಕೆಲಸದ ಕಡೆ ವಾಲಿದೆ. ನೃತ್ಯಗಾರ್ತಿ ಮರಿಯನ್ ಚೇಸ್ 1940ರ ದಶಕದಲ್ಲೇ ಅಮೆರಿಕದ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಈ ಕೆಲಸ ಮಾಡಿದ್ದರು. ಇದಕ್ಕೆ ಸಾಮಾನ್ಯವಾಗಿ ಪದವಿಯ ಮೇಲೆ ಪ್ರತ್ಯೇಕ ತರಬೇತಿ ಬೇಕು. ಅದಕ್ಕೇ ಮುಂದಿನ ವರ್ಷ ಮನಃಶಾಸ್ತ್ರವನ್ನೂ ತೆಗೆದುಕೊಳ್ಳುತ್ತಿದ್ದೇನೆ. ಈ ದಾರಿಯಲ್ಲಿ ಹೋದವರು ಇದ್ದರೆ ದಯವಿಟ್ಟು ನಿಮ್ಮ ಅನುಭವ ಹೇಳಿ.