ಮಿಲ್ಟನ್ ಬರ್ತಿದೆ, ಹೊರಡಬೇಕಾ ಉಳಿಯಬೇಕಾ? ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್ (ಸೋಮವಾರ, 7 ಅಕ್ಟೋಬರ್ 2024, ಮಧ್ಯಾಹ್ನ): ಎಲ್ಲರಿಗೂ ನವರಾತ್ರಿ ಶುಭಾಶಯ. ಫ್ಲೋರಿಡಾಗೆ ಹೆಲೀನ್ ಚಂಡಮಾರುತ ಬಂದು ಹೋಗಿ ಎರಡು ವಾರ ಆಗಿಲ್ಲ, ಆಗಲೇ ಇನ್ನೊಂದು, ಮಿಲ್ಟನ್. ಬೆಳಗ್ಗಿಂದ ಒಂದೇ ಪ್ರಶ್ನೆ ಹತ್ತು ಕಡೆ ಬರ್ತಿದೆ, ಅದಕ್ಕೇ ಈ ಥ್ರೆಡ್. ಟ್ಯಾಂಪಾ ಬೇ (ಟ್ಯಾಂಪಾ ಕೊಲ್ಲಿ) ಕಡೆಯ ಕೌಂಟಿಗಳಿಗೆ (ಜಿಲ್ಲೆಗಳಿಗೆ) ಸ್ಥಳಾಂತರದ ಯೋಜನೆ ಮಾಡಿಕೊಡೋ ಕೆಲಸದಲ್ಲಿದ್ದು ನಿವೃತ್ತರಾದ ನಮ್ಮ ಹಿರಿಯ ಸದಸ್ಯೆ ಉತ್ತರ ಕೊಡ್ತಾರೆ. ಹೆಸರು ಬೇಡ ಅಂದಿದ್ದಾರೆ, ಮೇಡಂ ಅನ್ನಿ. ಪ್ರಶ್ನೆ ಜೊತೆ ಊರು, ಝೋನ್ (ಸಮುದ್ರದ ನೀರು ನುಗ್ಗೋ ಅಪಾಯ ನೋಡಿ ಕೌಂಟಿ ಗುರುತಿಸಿದ ಸ್ಥಳಾಂತರ ವಲಯ, ಎ ಅಂದರೆ ಮೊದಲು ಹೊರಡಬೇಕಾದ್ದು) ಬರೀರಿ. ಫಾರ್ವರ್ಡ್ ಬೇಡ.

ವೆಸ್ಲಿ ಚಾಪೆಲ್ ವೆಂಕಿ: ಮೇಡಂ, ನಾವು ಹೊರಡಬೇಕಾ? ಅಟ್ಲಾಂಟಾದಲ್ಲಿ ಅಕ್ಕ ಇದ್ದಾಳೆ, ಬಾ ಅಂತಿದ್ದಾಳೆ.

ಮೇಡಂ: ಮನೆ ಯಾವ ವರ್ಷದ್ದು? ಝೋನ್ ಇದೆಯಾ?

ವೆಸ್ಲಿ ಚಾಪೆಲ್ ವೆಂಕಿ: 2016. ಝೋನ್ ಇಲ್ಲ ಅಂತ ತೋರಿಸ್ತಿದೆ.

ಮೇಡಂ: ಹಾಗಾದರೆ ಉಳೀರಿ. 2002ರ ನಂತರದ ಕಟ್ಟಡ ನಿಯಮದಲ್ಲಿ ಕಟ್ಟಿದ ಮನೆ, ಸಮುದ್ರದ ನೀರು ತಲುಪದ ಜಾಗ. ನೀವು ಐ-75 ಹೆದ್ದಾರಿ ಹತ್ತಿದರೆ ನಿಜವಾಗಿ ಹೊರಡಲೇಬೇಕಾದವರ ಮುಂದೆ ಒಂದು ಕಾರು ಜಾಸ್ತಿ, ಅಷ್ಟೇ. 2017ರ ಇರ್ಮಾ ಚಂಡಮಾರುತದಲ್ಲಿ ಫ್ಲೋರಿಡಾದಲ್ಲಿ ಸುಮಾರು 68 ಲಕ್ಷ ಜನ ಮನೆ ಬಿಟ್ಟರು, ಅದರಲ್ಲಿ ಎಷ್ಟೋ ಜನಕ್ಕೆ ಹೊರಡಿ ಅಂತ ಯಾರೂ ಹೇಳಿರಲಿಲ್ಲ. ಅಂಗಳದ ಕುಂಡ, ಕುರ್ಚಿ ಒಳಗಿಡಿ, ನೀರು ತುಂಬಿಸಿಡಿ.

ಫಿಲ್ಟರ್ ಕಾಫಿ 81: ನ್ಯೂ ಟ್ಯಾಂಪಾ. ನಾವು ಹೊರಡಬೇಕಾ?

ಮೇಡಂ: ವಿಳಾಸ ಹಾಕಿ ಝೋನ್ ನೋಡಿ. ಮೇಲಿನ ಉತ್ತರ ಓದಿ.

ಮಂಡ್ಯ ಇನ್ ಟ್ಯಾಂಪಾ: ಕಿಟಕಿಗೆ ಟೇಪ್ ಇಂಟು ಆಕಾರದಲ್ಲಿ ಅಂಟಿಸಬೇಕಾ, ಪ್ಲಸ್ಸಾ?

ಮೇಡಂ: ಎರಡೂ ಬೇಡ. ಟೇಪ್ ಹಾಕಿದ ಗಾಜು ಒಡೆದರೆ ಚೂರು ದೊಡ್ಡದಾಗಿ ಹಾರುತ್ತೆ. ಪ್ಲೈವುಡ್, ಶಟರ್, ಎರಡೂ ಇಲ್ಲದಿದ್ದರೆ ಕಿಟಕಿ ಇಲ್ಲದ ಒಳಕೋಣೆ.

ಅಪೊಲೊ ಬೀಚ್ ಅಳಿಯ: ಮೇಡಂ, ಝೋನ್ ಎ, ಮನೆ ಹಿಂದೆಯೇ ಕೆನಾಲ್. ಅತ್ತೆ ಮಾವ ಕುಂದಾಪುರದಿಂದ ಬಂದಿದ್ದಾರೆ. ಮಾವನಿಗೆ 74, ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ರೋಗ), ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಬಾಡಿಗೆಗೆ ತಂದಿದ್ದೀವಿ. ಅವರು ಹೊರಡಲ್ಲ ಅಂತಿದ್ದಾರೆ. "ಕಡಲ ಬದಿಯಲ್ಲೇ ಹುಟ್ಟಿದವ ನಾನು, ಎಂತ ಮಳೆ ಕಾಣಲಿಲ್ಲ" ಅಂತ. ಹೆಲೀನ್‌ನಲ್ಲಿ ನೀರು ನಮ್ಮ ಗ್ಯಾರೇಜ್ ಹೊಸ್ತಿಲವರೆಗೆ ಬಂದು ನಿಂತಿತು, ಒಳಗೆ ಬರಲಿಲ್ಲ. ಅದೇ ಅವರ ದೊಡ್ಡ ವಾದ. ಏನು ಮಾಡಲಿ?

ಮೇಡಂ: ನಿಮಗೆ ಉದ್ದ ಬರೀತೀನಿ, ಪೂರ್ತಿ ಓದಿ, ಆಗಬಹುದಾದರೆ ಮಾವನಿಗೆ ಓದಿ ಹೇಳಿ.

ಹೆಲೀನ್ ನಿಮ್ಮೂರಿಗೆ ಬರಲೇ ಇಲ್ಲ. ಅದರ ಕಣ್ಣು ಸಮುದ್ರದಲ್ಲಿ 100 ಮೈಲಿಗೂ ಆಚೆ ಹಾದು ದೂರದ ಉತ್ತರದಲ್ಲಿ ಪೆರ್ರಿ ಹತ್ತಿರ ದಡ ಹತ್ತಿತು. ಅಷ್ಟು ದೂರದಿಂದಲೇ ಟ್ಯಾಂಪಾ ಬೇಯಲ್ಲಿ ದಾಖಲೆಯ ನೀರು ಏರಿಸಿತು, ಪಿನೆಲಾಸ್ ಕೌಂಟಿಯಲ್ಲಿ 12 ಜನ ಹೋದರು. ಈಗ ಬರ್ತಿರೋದು ನಮ್ಮತ್ತಲೇ. ಇಲ್ಲಿನ ಸಮುದ್ರದ ತಳ ಬಹಳ ದೂರದವರೆಗೆ ಆಳವಿಲ್ಲ. ಗಾಳಿ ತಳ್ಳಿಕೊಂಡು ಬಂದ ನೀರು ಕೆಳಗೆ ಇಳಿಯೋಕೆ ಜಾಗವಿಲ್ಲದೆ ದಡದ ಮೇಲೆ ಏರುತ್ತೆ. ಕೊಲ್ಲಿಯ ಬಾಯಿಂದ ಒಳಗೆ ನುಗ್ಗಿದರೆ ಅಪೊಲೊ ಬೀಚ್, ರಸ್ಕಿನ್ ಕಡೆ ತುಂಬಿಕೊಳ್ಳುತ್ತೆ. ಚಂಡಮಾರುತ ನಿಮ್ಮ ಉತ್ತರಕ್ಕೆ ದಡ ಹತ್ತಿದರೆ ನೀರು ಒಳಗೆ, ದಕ್ಷಿಣಕ್ಕೆ ಹತ್ತಿದರೆ ನೀರು ಹೊರಗೆ. ಅದು ಎಲ್ಲಿ ಹತ್ತುತ್ತೆ ಅಂತ ಎರಡು ದಿನ ಮೊದಲು ಯಾರೂ ಬೆರಳಿಟ್ಟು ಹೇಳಲಾರರು. ಟಿವಿಯಲ್ಲಿ ತೋರಿಸೋ ಕೋನ್ ಕೂಡ ಕೇಂದ್ರ ಎಲ್ಲಿರಬಹುದು ಅನ್ನೋದಷ್ಟೇ, ಮೂರರಲ್ಲಿ ಎರಡು ಸಲ ಅದರೊಳಗೆ ಇರುತ್ತೆ.

ಮಾವ ಕಂಡಿದ್ದು ಮುಂಗಾರು. ತಿಂಗಳುಗಟ್ಟಲೆ ಸುರಿಯುತ್ತೆ, ಹೊಳೆ ಏರುತ್ತೆ, ನೋಡಿಕೊಂಡು ಎದ್ದು ಹೋಗಬಹುದು. ಸರ್ಜ್ ಅಂದರೆ ಸಮುದ್ರವೇ ರಾತ್ರಿಯಲ್ಲಿ ಕೆಲವೇ ಗಂಟೆಯಲ್ಲಿ ಮನೆಯೊಳಗೆ. ಅವರ ಧೈರ್ಯದ ಬಗ್ಗೆ ಚರ್ಚೆ ಮಾಡಬೇಡಿ, ಗೆಲ್ಲಲ್ಲ. ಕರೆಂಟಿನ ಬಗ್ಗೆ ಮಾತಾಡಿ. ಝೋನ್ ಎಯಲ್ಲಿ ಕರೆಂಟ್ ಹೋಗೇ ಹೋಗುತ್ತೆ. ಆ ಕಾನ್ಸಂಟ್ರೇಟರ್‌ಗೆ ಗೋಡೆಯ ಪ್ಲಗ್ ಬೇಕು. ಆಮೇಲೆ 911ಕ್ಕೆ ಕರೆ ಮಾಡಿದರೂ ಗಾಳಿ ಜೋರಾದ ಮೇಲೆ ಆಂಬುಲೆನ್ಸ್ ಹೊರಡಲ್ಲ.

ಇವತ್ತೇ ಮಾಡಬೇಕಾದ್ದು: ಬಾಡಿಗೆ ಕೊಟ್ಟ ಕಂಪನಿಗೆ ಫೋನ್ ಮಾಡಿ ಸಣ್ಣ ಸಿಲಿಂಡರ್ ಕೇಳಿ. ಕೈಯಲ್ಲಿ ಎಳೆದುಕೊಂಡು ಹೋಗೋ ಇ ಸೈಜ್, ನಿಮಿಷಕ್ಕೆ 2 ಲೀಟರ್ ಅಂದರೆ ಸುಮಾರು 5 ಗಂಟೆ ಬರುತ್ತೆ. ಕಾರಿನಲ್ಲಿ ಉರುಳದ ಹಾಗೆ ಕಟ್ಟಿ, ಕಿಟಕಿ ಸ್ವಲ್ಪ ಇಳಿಸಿ. ನಂತರ ಕೌಂಟಿಗೆ ಫೋನ್ ಮಾಡಿ ಸ್ಪೆಷಲ್ ನೀಡ್ಸ್ ಶೆಲ್ಟರ್ (ವೈದ್ಯಕೀಯ ನೆರವು ಬೇಕಾದವರ ಆಶ್ರಯತಾಣ) ಬೇಕು ಅಂತ ಹೇಳಿ, ಜೊತೆಗೆ ಒಬ್ಬರು ಆರೈಕೆಗೆ ಇರಬೇಕು. ಪ್ರವಾಸಿ ವೀಸಾ ಅಂತ ಹಿಂಜರಿಯಬೇಡಿ, ಶೆಲ್ಟರ್ ಬಾಗಿಲಲ್ಲಿ ವೀಸಾ ಕೇಳಲ್ಲ. ಪ್ಲಾಂಟ್ ಸಿಟಿ ಕಡೆ ಸ್ನೇಹಿತರಿದ್ದರೆ ಇನ್ನೂ ಒಳ್ಳೇದು, ಆದರೆ ಅವರ ಝೋನ್ ಕೂಡ ನೋಡಿ. ಅಟ್ಲಾಂಟಾ ಬೇಡವೇ ಬೇಡ. 2005ರಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಹ್ಯೂಸ್ಟನ್ ಖಾಲಿಯಾದಾಗ ವೃದ್ಧಾಶ್ರಮದ ಬಸ್ಸೊಂದಕ್ಕೆ ಡಲ್ಲಾಸ್ ಬಳಿ ಬೆಂಕಿ ಬಿತ್ತು, ಒಳಗಿದ್ದ ಆಕ್ಸಿಜನ್ ಸಿಲಿಂಡರ್ ಸಿಡಿದು 23 ಜನ ಸತ್ತರು. ಇಂಥ ರೋಗಿಯನ್ನ ಹತ್ತು ಗಂಟೆ ಟ್ರಾಫಿಕ್‌ನಲ್ಲಿ ಕೂರಿಸಬಾರದು. ಇಪ್ಪತ್ತು ಮೂವತ್ತು ಮೈಲಿ ಸಾಕು. ನಾಳೆ ಬೆಳಗ್ಗೆಯೊಳಗೆ. ಹೊರಟ ಮೇಲೆ ಇಲ್ಲಿ ಒಂದು ಸಾಲು ಹಾಕಿ.

ಶುಭೋದಯ ಶಾರದಾ: ಅಳಿಯ ಅವರೇ, ಚಿಂತೆ ಬೇಡ. ಕರ್ಪೂರ, ಲವಂಗ, ಓಮ ಬಟ್ಟೆಯಲ್ಲಿ ಕಟ್ಟಿ ಆಗಾಗ ಮೂಸಿದರೆ ಆಕ್ಸಿಜನ್ ಮಟ್ಟ ಏರುತ್ತದೆ 🙏 ಎಲ್ಲರಿಗೂ ಕಳಿಸಿ.

ಮೇಡಂ: ಏರಲ್ಲ. ಕೋವಿಡ್ ಕಾಲದಲ್ಲೇ ಸುಳ್ಳು ಅಂತ ಡಾಕ್ಟರುಗಳು ಹೇಳಿ ಸುಸ್ತಾದ ಫಾರ್ವರ್ಡ್ ಇದು. ಶ್ವಾಸಕೋಶದ ರೋಗಿಗೆ ಕರ್ಪೂರದ ಘಾಟು, ಅದೂ ಆಕ್ಸಿಜನ್ ಹರಿಯೋ ಕೋಣೆಯಲ್ಲಿ! ಯಾರಾದರೂ ಅದನ್ನ ಹಚ್ಚಿದರೆ ಮನೆಗೆ ಬೆಂಕಿ ಬೀಳೋಕೆ ಮಿಲ್ಟನ್ ಬೇಕಾಗಿಲ್ಲ. ದಯವಿಟ್ಟು ತೆಗೀರಿ.

ಶುಭೋದಯ ಶಾರದಾ: ನಾನು ಒಳ್ಳೇದಕ್ಕೇ ಹಾಕಿದ್ದು.

ಸೇಂಟ್ ಪೀಟ್ ಸ್ಟೂಡೆಂಟ್: ಡೌನ್‌ಟೌನ್, ಝೋನ್ ಎ, ಆದರೆ 9ನೇ ಮಹಡಿ. ನೀರು ಅಲ್ಲಿಗೆ ಬರಲ್ಲ ಅಲ್ವಾ ಆಂಟಿ?

ಮೇಡಂ: ನೀರು ಬರಲ್ಲ. ಲಿಫ್ಟ್ ನಿಲ್ಲುತ್ತೆ, ನಲ್ಲಿ ನಿಲ್ಲುತ್ತೆ, ಟಾಯ್ಲೆಟ್ ನಿಲ್ಲುತ್ತೆ, ಕೆಳಗಿಳಿದರೆ ರಸ್ತೆಯಿಲ್ಲ. ಮೇಲಕ್ಕೆ ಹೋದಷ್ಟೂ ಗಾಳಿ ಜಾಸ್ತಿ. ಹೊರಡು.

ಹುಬ್ಬಳ್ಳಿ ಹುಡುಗಿ: ಮೇಡಂ, ಕ್ಲಿಯರ್‌ವಾಟರ್ ಝೋನ್ ಸಿ. ಹೊರಡ್ರಿ ಅಂತ ಆರ್ಡರ್ ಬಂದೈತಿ. ಆದ್ರ ನಾವು ಘಟ್ಟ ಹಾಕೇವ್ರಿ. ಒಂಬತ್ತು ದಿನ ದೀಪ ಆರಬಾರದು, ಘಟ ಕದಲಬಾರದು. ಅತ್ತಿಯವರು ಫೋನಿನ್ಯಾಗ ಅಳಾಕತ್ತಾರ. ದೀಪ ಹಚ್ಚಿಟ್ಟ ಹೋಗಬಹುದೇನ್ರಿ?

ಮೇಡಂ: ಖಾಲಿ ಮನೆಯಲ್ಲಿ ದೀಪ ಉರಿಸಿ ಹೋಗಬೇಡಿ. ಹೊರಡಿ.

ರಾಯರು, ರಿವರ್‌ವ್ಯೂ: ಶಾಸ್ತ್ರದಲ್ಲಿ ಆಪತ್ತಿಗೆ ವಿನಾಯಿತಿ ಇದೆ. ಪ್ರಾರ್ಥನೆ ಮಾಡಿ ಬಲಕ್ಕೆ ಕದಲಿಸಿ, ಜೊತೆಗೇ ತೆಗೆದುಕೊಂಡು ಹೋಗಬಹುದು.

ಫಿಲ್ಟರ್ ಕಾಫಿ 81: ಕಾರಿನಲ್ಲಿ ಘಟ? ಮೊಳಕೆ ಬಂದ ಮಣ್ಣೆಲ್ಲ ಸೀಟ್ ಮೇಲೆ. ನಾವು ಬೊಂಬೆ ಏಳು ಮೆಟ್ಟಿಲು ಜೋಡಿಸಿದ್ದೀವಿ, ಪಟ್ಟದ ಬೊಂಬೆ ಮಲಗಿಸಿ ಎಲ್ಲ ಪೆಟ್ಟಿಗೆಗೆ ಹಾಕಿದ್ವಿ. ದೇವರು ಬೇಜಾರು ಮಾಡ್ಕೊಳಲ್ಲ.

ಹುಬ್ಬಳ್ಳಿ ಹುಡುಗಿ: ಬೊಂಬಿ ಕೂಡಸೋರಿಗೆ ಘಟ್ಟದ ವ್ರತ ಏನ್ ಗೊತ್ತಾಗಬೇಕ್ರಿ. ಅದು ಶೋ, ಇದು ವ್ರತ.

ಫಿಲ್ಟರ್ ಕಾಫಿ 81: ಶೋನಾ? ಮೈಸೂರು ಅರಮನೆ ಕಾಲದಿಂದ ನಡೆದು ಬಂದದ್ದು.

ಮಂಡ್ಯ ಇನ್ ಟ್ಯಾಂಪಾ: ಅರಮನೆ ಅಂದ ತಕ್ಷಣ ನಮ್ಮೋರು ಶುರು 😄

(ಇದರ ಕೆಳಗೆ ಬೊಂಬೆ ಮತ್ತು ಘಟದ ಬಗ್ಗೆ ಬಂದ ಉಳಿದ ಕಾಮೆಂಟ್‌ಗಳನ್ನ ತೆಗೆದಿದ್ದೇನೆ. ಅಡ್ಮಿನ್)

ಬ್ರಾಂಡನ್ ಬಸು: ನಮ್ಮ ಮ್ಯಾನೇಜರ್ ಬುಧವಾರ ಲಾಗಿನ್ ಆಗಲೇಬೇಕು ಅಂತಿದ್ದಾನೆ. ಎಚ್1ಬಿ ಇರೋರು ಏನು ಮಾಡೋದು?

ಪಾಮ್ ಹಾರ್ಬರ್ ಪದ್ಮ: ಬೆಕ್ಕನ್ನ ಶೆಲ್ಟರ್‌ಗೆ ಬಿಡ್ತಾರಾ?

ಸೇಂಟ್ ಪೀಟ್ ಸ್ಟೂಡೆಂಟ್ (ಮಂಗಳವಾರ ಬೆಳಗ್ಗೆ): ಕ್ಯಾಟಗರಿ 5ರಿಂದ 4ಕ್ಕೆ ಇಳಿದಿದೆಯಂತೆ ಆಂಟಿ! ಈಗ ಉಳಿಯಬಹುದಾ?

ಮೇಡಂ: ಕ್ಯಾಟಗರಿ ಗಾಳಿಯ ಲೆಕ್ಕ. ನೀರಿನ ಲೆಕ್ಕ ಅದರಲ್ಲಿಲ್ಲ. ನಿನ್ನೆ ಗಂಟೆಗೆ 180 ಮೈಲಿ ಇದ್ದ ಗಾಳಿ ಇಳಿದರೂ ಅದು ತಂದ ನೀರು ಇಳಿಯಲ್ಲ, ಇಳಿಯುವಾಗ ಗಾತ್ರ ಹಿಗ್ಗೋದೇ ಹೆಚ್ಚು. ಟ್ಯಾಂಪಾ ಬೇಗೆ 10ರಿಂದ 15 ಅಡಿ ಅಂತ ಮುನ್ಸೂಚನೆ ಇದೆ, ಒಣನೆಲದ ಮೇಲೆ ಅಷ್ಟು. ನೀನಿನ್ನೂ ಹೊರಟಿಲ್ವಾ?

ರಾಯರು, ರಿವರ್‌ವ್ಯೂ: ಟ್ಯಾಂಪಾ ಮೇಯರ್ ಜೇನ್ ಕ್ಯಾಸ್ಟರ್ ಟಿವಿಯಲ್ಲಿ ಉಳಿದರೆ ಸಾಯ್ತೀರಿ ಅಂದೇಬಿಟ್ಟರು. ಹೀಗೆ ಹೆದರಿಸೋದು ಸರಿಯಾ? 1921ರಿಂದ ಟ್ಯಾಂಪಾಗೆ ನೇರವಾಗಿ ದೊಡ್ಡ ಚಂಡಮಾರುತ ಬಂದೇ ಇಲ್ಲ. ಇಲ್ಲಿನ ಮೂಲನಿವಾಸಿಗಳ ಸಮಾಧಿ ದಿಬ್ಬಗಳು ಕಾಯ್ತವೆ ಅಂತ ಸ್ಥಳೀಯರೇ ಹೇಳ್ತಾರೆ.

ಮೇಡಂ: 1921ರಲ್ಲಿ ಬಂದಾಗಲೂ ಆ ದಿಬ್ಬಗಳು ಇಲ್ಲೇ ಇದ್ದವು ರಾಯರೇ. ಆಗ ನೀರು ಹತ್ತಡಿ ದಾಟಿತ್ತು.

ಶುಭೋದಯ ಶಾರದಾ: *ಹಲವು ಬಾರಿ ಫಾರ್ವರ್ಡ್ ಆಗಿದೆ.* ಪಾಸ್‌ಪೋರ್ಟ್, ಒಡವೆ, ಐ-797 (ವಲಸೆ ಇಲಾಖೆಯ ಪತ್ರ) ಎಲ್ಲವನ್ನೂ ಡಿಶ್‌ವಾಷರ್‌ನಲ್ಲಿಟ್ಟು ಬಾಗಿಲು ಹಾಕಿ, ಒಂದು ಹನಿ ನೀರೂ ಹೋಗದು! ಕಿಟಕಿ ಒಂದಿಂಚು ತೆರೆದಿಡಿ, ಒತ್ತಡ ಸಮವಾಗಿ ಛಾವಣಿ ಉಳಿಯುತ್ತದೆ!! ಕುಡಿಯುವ ನೀರಿಗೆ ಪಟಕ ಹಾಕಿ!!!

ಮೇಡಂ: ಡಿಶ್‌ವಾಷರ್ ಒಳಗಿನ ನೀರು ಹೊರಗೆ ಬರದ ಹಾಗೆ ಮಾಡಿದ ಪೆಟ್ಟಿಗೆ. ಹೊರಗಿನ ನೀರು ಒಳಗೆ ಹೋಗುತ್ತೆ, ಅದರ ಪೈಪ್ ಮೋರಿಗೇ ಸೇರಿದೆ. ಪಾಸ್‌ಪೋರ್ಟ್ ನಿಮ್ಮ ಜೊತೆ ಬರಬೇಕು, ಅದನ್ನ ಮನೆಯಲ್ಲಿ ಬಿಡೋದೇ ಯಾಕೆ? ಕಿಟಕಿ ತೆರೆದರೆ ಗಾಳಿ ಒಳನುಗ್ಗಿ ಛಾವಣಿಯನ್ನ ಒಳಗಿಂದಲೇ ಎತ್ತುತ್ತೆ. ಪಟಕ ಹಾಕಿದರೆ ಕೊಳಕು ತಳಕ್ಕೆ ಕೂರುತ್ತೆ, ರೋಗಾಣು ಸಾಯಲ್ಲ, ಉಪ್ಪು ಹೋಗಲ್ಲ. ಒಂದೇ ಮೆಸೇಜಿನಲ್ಲಿ ಮೂರು ತಪ್ಪು. ಅಡ್ಮಿನ್, ಇವರನ್ನ ಎರಡು ದಿನ ಮ್ಯೂಟ್ ಮಾಡೋಕಾಗುತ್ತಾ?

ವೆಸ್ಲಿ ಚಾಪೆಲ್ ವೆಂಕಿ: ಮೇಡಂ, ಇನ್ನೊಮ್ಮೆ ಕೇಳ್ತೀನಿ, ನಾವು ಉಳಿಯೋದೇ ಸರಿನಾ?

ಮೇಡಂ: ಹೌದು.

ಬ್ರಾಂಡನ್ ಬಸು: ನಾವು ಹೊರಡಬೇಕಾ?

ಮೇಡಂ: ಝೋನ್ ನೋಡಿ.

ಮೇಡಂ: ಅಪೊಲೊ ಬೀಚ್ ಅಳಿಯ, ಹೊರಟಿರಾ?

ಪೋಲ್ಕ್ ಕೌಂಟಿ ಪಾಟೀಲ್: ನನ್ನ ಪರಿಚಯದವರು ಮೊಬೈಲ್ ಹೋಮ್‌ನಲ್ಲಿದ್ದಾರೆ (ಕಾರ್ಖಾನೆಯಲ್ಲಿ ಮಾಡಿ ತಂದಿಡೋ ಹಗುರ ಮನೆ). ಝೋನ್ ಇಲ್ಲ, ಉಳಿಯಬಹುದು ಅಲ್ವಾ?

ಮೇಡಂ: ಮೊಬೈಲ್ ಹೋಮ್ ಎಲ್ಲೇ ಇರಲಿ, ಬಿಡಬೇಕು. ಝೋನ್ ಇರೋದು ನೀರಿಗೆ, ಇದು ಗಾಳಿಗೆ ನಿಲ್ಲಲ್ಲ. ಇವತ್ತೇ.

ಮೇಡಂ (ಬುಧವಾರ ಮಧ್ಯಾಹ್ನ): ಅಳಿಯ ಅವರೇ, ಒಂದು ಸಾಲು ಕೇಳಿದ್ದೆ.

ಸೇಂಟ್ ಪೀಟ್ ಸ್ಟೂಡೆಂಟ್: ನಾನು ಲೇಕ್‌ಲ್ಯಾಂಡ್‌ನಲ್ಲಿ ಫ್ರೆಂಡ್ ಮನೇಲಿದ್ದೀನಿ ಆಂಟಿ.

ಮೇಡಂ: ಸರಿ.

ರಾಯರು, ರಿವರ್‌ವ್ಯೂ (ಗುರುವಾರ ಬೆಳಗ್ಗೆ): ಏನಾಯಿತು ಮೇಡಂ? ನಿನ್ನೆ ರಾತ್ರಿ ಎಂಟೂವರೆಗೆ ಟ್ಯಾಂಪಾದ ದಕ್ಷಿಣಕ್ಕಿರೋ ಸಿಯೆಸ್ಟಾ ಕೀಯಲ್ಲಿ ದಡ ಹತ್ತಿತು. ಟ್ಯಾಂಪಾದಲ್ಲಿ ನೀರು ಏರೋದಿರಲಿ, ಕೊಲ್ಲಿಯೇ ಹಿಂದಕ್ಕೆ ಹೋಗಿ ತಳ ಕಾಣ್ತಿತ್ತು. 15 ಅಡಿ ಅಂತ ಜನರನ್ನ ಓಡಿಸಿದಿರಿ. ಮುಂದಿನ ಸಲ ಯಾರು ನಂಬ್ತಾರೆ?

ಪಾಮ್ ಹಾರ್ಬರ್ ಪದ್ಮ: ನಮ್ಮ ಭಾವ ಹೆದರಿ ಪೂರ್ವ ಕರಾವಳಿಯ ಪೋರ್ಟ್ ಸೇಂಟ್ ಲೂಸಿಗೆ ಹೋಗಿದ್ದರು. ಆ ಕಡೆಯೇ ಸುಂಟರಗಾಳಿ ಬಂದು ಜನ ಸತ್ತರು. ಇಲ್ಲಿದ್ದಿದ್ದರೆ ಆರಾಮಿರ್ತಿದ್ದರು.

ಮೇಡಂ: ದಕ್ಷಿಣಕ್ಕೆ ಹತ್ತಿದರೆ ನೀರು ಹೊರಗೆ ಅಂತ ಸೋಮವಾರವೇ ಬರೆದಿದ್ದೆ. ಟ್ಯಾಂಪಾಗೆ ಬರಬೇಕಿದ್ದ ನೀರು ಸಿಯೆಸ್ಟಾ ಕೀ, ವೆನಿಸ್ ಕಡೆ ಹೋಯಿತು, ಮಾಯವಾಗಲಿಲ್ಲ. ಅಲ್ಲಿನವರನ್ನ ಕೇಳಿ. ಸೇಂಟ್ ಪೀಟ್‌ನಲ್ಲಿ 18 ಇಂಚಿಗೂ ಹೆಚ್ಚು ಮಳೆ ಬಿದ್ದಿದೆ, ಟ್ರಾಪಿಕಾನಾ ಸ್ಟೇಡಿಯಂ ಛಾವಣಿ ಹರಿದುಹೋಗಿದೆ, 30 ಲಕ್ಷ ಮನೆ ಅಂಗಡಿಗಳಿಗೆ ಕರೆಂಟಿಲ್ಲ. ಇದನ್ನ ಏನೂ ಆಗಲಿಲ್ಲ ಅಂತೀರಾ?

ರಾಯರು, ರಿವರ್‌ವ್ಯೂ: ನಾನು ನೀರಿನ ಬಗ್ಗೆ ಮಾತ್ರ ಹೇಳಿದ್ದು. ಉತ್ತರ ಕೊಡೋಕೆ ಬರದಿದ್ದರೆ ಕೋಪ ಯಾಕೆ?

ಫಿಲ್ಟರ್ ಕಾಫಿ 81: ಪುಕ್ಕಟೆ ಸಲಹೆ ಕೊಟ್ಟೋರ ಹತ್ತಿರ ಹೀಗೆ ಮಾತಾಡ್ತೀರಲ್ಲ, ನಾಚಿಕೆ ಆಗಬೇಕು.

ಲಿಥಿಯಾ ಅಮ್ಮ: ಅಲಫಾಯಾ ಹೊಳೆ ಹತ್ತಿರ ಇದ್ದೀವಿ. ನಮಗೆ ಯಾವ ಝೋನೂ ಇಲ್ಲ. ಮಳೆ ನಿಂತಿದೆ, ಆದರೆ ಹಿತ್ತಲಿಗೆ ನೀರು ಬರ್ತಿದೆ.

ಮಂಡ್ಯ ಇನ್ ಟ್ಯಾಂಪಾ: ರಾಯರು ಕೇಳಿದ್ದರಲ್ಲಿ ತಪ್ಪೇನಿದೆ? ಹೋಟೆಲ್‌ಗೆ ದುಡ್ಡು ಹೋಯ್ತು ನಮ್ದು.

ಬ್ರಾಂಡನ್ ಬಸು: ಬ್ರಾಂಡನ್‌ನಲ್ಲಿ ಪೆಟ್ರೋಲ್ ಎಲ್ಲಿ ಸಿಗ್ತಿದೆ?

ಅಪೊಲೊ ಬೀಚ್ ಅಳಿಯ: ಸಾರಿ ಮೇಡಂ, ಸಿಗ್ನಲ್ ಇರಲಿಲ್ಲ. ಮಂಗಳವಾರ ಮಧ್ಯಾಹ್ನ ಪ್ಲಾಂಟ್ ಸಿಟಿಗೆ ಬಂದ್ವಿ. ಮಾವ ಈಗ ರಾಯರ ಪಾರ್ಟಿ, ಸುಮ್ಮನೆ ಎಬ್ಬಿಸಿ ತಂದೆ ಅಂತ ಬೈತಿದ್ದಾರೆ. ಮನೆಗೆ ಕರೆಂಟ್ ಇಲ್ಲ ಅಂತ ಪಕ್ಕದವರು ಹೇಳಿದರು.

ಮೇಡಂ: ಬೈಯಲಿ. ಕರೆಂಟ್ ಬಂದ ಮೇಲೆ ಹೋಗಿ.

ಉಳಿದವರು ಜಗಳ ನಿಲ್ಲಿಸಿ, ಮಧ್ಯದಲ್ಲಿ ಒಬ್ಬರ ಪ್ರಶ್ನೆ ಮುಳುಗಿಹೋಗಿದೆ. ಲಿಥಿಯಾ ಅಮ್ಮ, ಝೋನ್ ನಕ್ಷೆ ಸಮುದ್ರದ ನೀರಿಗೆ ಮಾತ್ರ, ಹೊಳೆಗೆ ಅಲ್ಲ. ಮೇಲಿನ ಊರುಗಳ ಮಳೆ ಈಗ ಇಳಿದು ಬರ್ತಿದೆ. ಬಿಸಿಲಿದ್ದರೂ ಹೊಳೆ ಇನ್ನೂ ಏರುತ್ತೆ. ಔಷಧಿ, ಪಾಸ್‌ಪೋರ್ಟ್ ಕಾರಿಗೆ ಹಾಕಿ, ನೀರು ತಲುಪುವ ಮುಂಚೆ, ಒಣ ಕೈಯಲ್ಲಿ ಮೇನ್ ಸ್ವಿಚ್ ಆಫ್ ಮಾಡಿ. ರಸ್ತೆ ಮೇಲೆ ನೀರು ಹರೀತಿದ್ದರೆ ದಾಟಬೇಡಿ, ಒಂದಡಿ ನೀರು ಸಾಕು ಸಣ್ಣ ಕಾರು ತೇಲೋಕೆ. ನಿಮ್ಮಿಂದ ಹೊರಬರೋ ರಸ್ತೆ ಯಾವುದು, ಈಗ ಒಣಗಿದೆಯಾ?

ಲಿಥಿಯಾ ಅಮ್ಮ: ಒಂದು ಕಡೆ ಒಣಗಿದೆ. ಯಜಮಾನರು ಸಂಜೆ ನೋಡೋಣ ಅಂತಿದ್ದಾರೆ.

ಮೇಡಂ: ಯಜಮಾನರಿಗೆ ಫೋನ್ ಕೊಡಿ. ನನ್ನ ನಂಬರ್ ಇನ್‌ಬಾಕ್ಸ್‌ಗೆ ಹಾಕಿದ್ದೀನಿ.