ಶೆಟ್ಟಿಹಳ್ಳಿ ಚರ್ಚ್: ಗೋಡೆಗಳ ಸ್ಥಿತಿ ನೋಡೋದು ಹೇಗೆ?

ಹಾಸನದ ಸಿವಿಲ್ ವಿದ್ಯಾರ್ಥಿ: ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ರೋಸರಿ ಚರ್ಚ್ ಮೇಲೆ ಪ್ರಾಜೆಕ್ಟ್ ಮಾಡ್ತಿದೀನಿ. 1860ರ ಹೊತ್ತಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಚಾವಣಿ ಇಲ್ಲ, ಕಮಾನುಗಳಲ್ಲಿ ಬಿರುಕು. ಎಲ್ಲಿಂದ ಶುರು ಮಾಡ್ಲಿ?

ಗಾರೆ ಮೇಸ್ತ್ರಿ: ಮೊದಲು ಗೋಡೆ ಮೇಲಿನ ನೀರಿನ ಗೆರೆ ನೋಡಪ್ಪ. ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಒಣಗೋ ಪಟ್ಟಿಗೇ ಪೆಟ್ಟು ಜಾಸ್ತಿ. ಸಂದಿಗೆ ಉಗುರು ಹಾಕು. ಸುಣ್ಣದ ಗಾರೆ ಹಿಟ್ಟಿನ ಹಾಗೆ ಉದುರಿದ್ರೆ ಅಲ್ಲಿ ಹಿಡಿತ ಹೋಗಿದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸು, ಅದು ಒಡೆದ್ರೆ ಗೋಡೆ ಇನ್ನೂ ಸರೀತಿದೆ ಅಂತ. ಸಿಮೆಂಟ್ ಹಚ್ಚಿ ಅಂತ ಮಾತ್ರ ಬರೀಬೇಡ ಮಾರಾಯ, ತೇವ ಒಳಗೇ ಸಿಕ್ಕಿಕೊಂಡು ಹಳೇ ಇಟ್ಟಿಗೆ ಚಕ್ಕೆ ಏಳುತ್ತೆ. ಬೆಲ್ಲ, ಮೊಟ್ಟೆ ಹಾಕಿದ ಗಾರೆ ಅಂತ ಎಲ್ರೂ ಹೇಳ್ತಾರೆ. ಉದುರಿದ ಚೂರನ್ನ ಲ್ಯಾಬಿಗೆ ಕಳಿಸಿ ಆಮೇಲೆ ನೀನು ಹೇಳು.

ಸಕಲೇಶಪುರದವಳು: ವರದಿಯಲ್ಲಿ ಚರ್ಚಿನ ಮಹತ್ವ ಹೇಳೋ ಭಾಗನ ಬರೀ ಗೋಥಿಕ್ ಶೈಲಿ (ಚೂಪು ಕಮಾನಿನ ಹಳೇ ಯುರೋಪ್ ಶೈಲಿ) ಅಂತ ಮುಗಿಸಬೇಡಿ. ಗೊರೂರಿನ ಹೇಮಾವತಿ ಅಣೆಕಟ್ಟೆಗಾಗಿ ಊರು ಬಿಟ್ಟವರನ್ನ ಮಾತಾಡಿಸಿ. ಪ್ರೀ-ವೆಡ್ಡಿಂಗ್ ಶೂಟಿಂಗ್‌ನವರಿಗೆ ಅದು ಹಿನ್ನೆಲೆ, ಊರು ಬಿಟ್ಟವರಿಗೆ ಅದು ಸ್ವಂತ ಊರಿನ ಚರ್ಚು.

ಹಾಸನದ ಸಿವಿಲ್ ವಿದ್ಯಾರ್ಥಿ: ಗಾಜು ಅಂಟಿಸೋಕೆ ಕಮಾನಿನ ಕೆಳಗೆ ನಿಲ್ಲಬೇಕಲ್ಲಾ ಅಣ್ಣ?

ಗಾರೆ ಮೇಸ್ತ್ರಿ: ಅಯ್ಯೋ, ಕಮಾನಿನ ಸಹವಾಸ ಬೇಡ. ಅದನ್ನ ದೂರದಿಂದ ದುರ್ಬೀನಲ್ಲಿ ನೋಡು.