ವ್ಯಾಂಪೈರ್‌ಗೆ ಇಲ್ಲದಿರೋದು ಆತ್ಮಾನಾ, ಮನಸ್ಸಾಕ್ಷೀನಾ, ಕರುಳಾ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ಎರಡು ವಾರದಿಂದ ತಲೇಲಿ ಕೊರೀತಾ ಇದೆ, ಬರೀ ನಿಘಂಟು ತೆಗೆದು ನೋಡಿದ್ರೆ ಬಗೆಹರಿಯೋ ಅಂಥದ್ದಲ್ಲ, ಆದ್ರೆ ಯಾರದ್ದಾದ್ರೂ ಮನೆಮಾತಲ್ಲಿ ಇದ್ದೇ ಇರುತ್ತೆ ಅನ್ನೋ ನಂಬಿಕೆ ಮೇಲೆ ಕೇಳ್ತಿದೀನಿ. ಇಂಗ್ಲಿಷಿನ ಸೋಲ್‌ಗೆ (soul) ಕನ್ನಡದಲ್ಲಿ ಏನಂತೀರಿ? ಆತ್ಮ ಅಂತ ತಕ್ಷಣ ಹೇಳ್ಬೇಡಿ, ಎಲ್ಲಿ ಸಿಕ್ಕಾಕೊಂಡಿದೀನಿ ಅಂತ ಮೊದಲು ಹೇಳ್ತೀನಿ.

ನಾನೂ ನನ್ನ ತಂಗೀನೂ ಬಫಿ ದ ವ್ಯಾಂಪೈರ್ ಸ್ಲೇಯರ್ ಸೀರಿಯಲ್ಲನ್ನ ಮತ್ತೆ ಮೊದಲಿಂದ ನೋಡ್ತಾ ಇದೀವಿ. 1997ರ ಮಾರ್ಚಿಂದ 2003ರ ಮೇವರೆಗೆ ಅಮೆರಿಕದಲ್ಲಿ ಬಂದಿದ್ದು, ಏಳು ಸೀಸನ್, 144 ಎಪಿಸೋಡು. ಕ್ಯಾಲಿಫೋರ್ನಿಯಾದ ಸನ್ನಿಡೇಲ್ ಅನ್ನೋ ಕಲ್ಪಿತ ಊರು, ಅಲ್ಲೊಬ್ಬ ಹುಡುಗಿ ಬಫಿ, ವ್ಯಾಂಪೈರ್‌ಗಳನ್ನ ಕೊಲ್ಲೋದೇ ಅವಳ ಹಣೇಬರಹ, ಆದ್ರೆ ಅವಳು ಮನಸ್ಸು ಕೊಟ್ಟಿದ್ದು ಒಬ್ಬರಾದ ಮೇಲೊಬ್ಬರು ಇಬ್ಬರು ವ್ಯಾಂಪೈರ್‌ಗಳಿಗೆ. ಮೊದಲನೆಯವನು ಏಂಜಲ್, ಎರಡನೆಯವನು ಸ್ಪೈಕ್. ತಂಗಿ ಏಂಜಲ್ ಕಡೆ, ನಾನು ಸ್ಪೈಕ್ ಕಡೆ, ಈ ಜಗಳ ನಮ್ಮನೇಲಿ ಹಳೇದು.

ಈ ಸಲ ಅಮ್ಮನೂ ಜೊತೆಗೆ ಕೂತ್ಕೊಂಡ್ರು. ನೆನೆಸಿದ ಅವರೇಕಾಳಿನ ಪಾತ್ರೆ ತೊಡೆ ಮೇಲಿಟ್ಕೊಂಡು ಹಿತುಕ್ತಾ ನೋಡ್ತಿದ್ರು, ನಾನು ಮಧ್ಯೆ ಮಧ್ಯೆ ಕನ್ನಡದಲ್ಲಿ ಹೇಳ್ತಾ ಇದ್ದೆ. ವ್ಯಾಂಪೈರ್ ಅಂದ್ರೆ ರಕ್ತ ಕುಡಿಯೋ ಪಿಶಾಚಿ ಅಮ್ಮ, ಅದಕ್ಕೆ ಆತ್ಮ ಇರಲ್ಲ, ಈ ಏಂಜಲ್‌ಗೆ ಮಾತ್ರ ಆತ್ಮ ಇದೆ, ಅದಕ್ಕೇ ಅವನು ಒಳ್ಳೆಯವನು ಅಂದೆ. ಅಮ್ಮ ಕಾಳನ್ನ ಎರಡು ಬೆರಳ ಮಧ್ಯೆ ಹಿಡ್ಕೊಂಡು ಹಾಗೇ ನಿಲ್ಲಿಸಿಬಿಟ್ರು. "ಆತ್ಮ ಇದ್ರೆ ತಾನೇ ಕಣೇ ಪಿಶಾಚಿ? ಆತ್ಮಾನೇ ಇಲ್ದೆ ಅದು ಪಿಶಾಚಿ ಹೆಂಗಾಯ್ತು?"

ನನ್ನ ಹತ್ರ ಉತ್ತರ ಇರಲಿಲ್ಲ. ಅಮ್ಮ ಹೇಳಿದ್ದೇ ಸರಿ. ನಮ್ಮ ಕಡೆ ದೆವ್ವ ಅಂದ್ರೇನೇ ದೇಹ ಕಳ್ಕೊಂಡ ಆತ್ಮ, ಆಸೆ ತೀರದೆ ಅಲೀತಾ ಇರೋದು, ನಮ್ಮ ಟಿವಿ ಸೀರಿಯಲ್ಲುಗಳಲ್ಲೂ ಅತೃಪ್ತ ಆತ್ಮ, ಪ್ರೇತಾತ್ಮ, ಆತ್ಮ ಬಂತು ಅನ್ನೋದೇ ಮಾತು. ಬಫಿ ಕತೇಲಿ ಇದು ಪೂರ್ತಿ ತಲೆಕೆಳಗು. ಅಲ್ಲಿ ಮನುಷ್ಯ ಸಾಯ್ತಾನೆ, ಅವನ ಸೋಲ್ ಹೊರಟುಹೋಗುತ್ತೆ, ಖಾಲಿ ಬಿದ್ದ ಹೆಣದೊಳಗೆ ಒಂದು ಭೂತ ಬಂದು ಸೇರ್ಕೊಳುತ್ತೆ, ಅವನ ಮುಖ ಅವನ ನೆನಪು ಎಲ್ಲಾ ಇಟ್ಕೊಂಡು ಓಡಾಡುತ್ತೆ. ನಮ್ಮದು ದೇಹ ಇಲ್ಲದ ಆತ್ಮ, ಅವರದ್ದು ಆತ್ಮ ಇಲ್ಲದ ದೇಹ. ಹೀಗಾಗಿ ಆತ್ಮ ಇಲ್ಲದ ಪಿಶಾಚಿ ಅಂತ ಕನ್ನಡದಲ್ಲಿ ಹೇಳಿದ ಕೂಡಲೇ ಕೇಳುವವರಿಗೆ ಗಂಟು ಬೀಳುತ್ತೆ.

ಇದರ ಜೊತೆಗೇ ಇನ್ನೊಂದು ಹೊಳೀತು, ರಕ್ತಪಿಶಾಚಿ ಅನ್ನೋ ಪದಾನೂ ತಪ್ಪೇ ಅನ್ಸುತ್ತೆ. ಹೆಣದೊಳಗೆ ಸೇರ್ಕೊಂಡು ಮಾತಾಡೋದು ನಮ್ಮಲ್ಲಿ ಯಾರು? ಬೇತಾಳ. ಚಂದಮಾಮ ಓದಿದವರಿಗೆಲ್ಲ ಗೊತ್ತು, ಮರದಲ್ಲಿ ನೇತಾಡೋ ಹೆಣ, ರಾಜ ಅದನ್ನ ಹೆಗಲ ಮೇಲೆ ಹಾಕ್ಕೊಂಡು ಹೊರಟ ತಕ್ಷಣ ಅದರೊಳಗಿಂದ ಕತೆ ಶುರು. ರಕ್ತ ಕುಡಿಯೋ ಬೇತಾಳ ಅಂತ ತಿದ್ದಿ ಹೇಳಿದ್ದೇ ಅಮ್ಮನಿಗೆ ತಟ್ಟನೆ ಅರ್ಥ ಆಯ್ತು. ಹಾಗಾಗಿ ವ್ಯಾಂಪೈರ್‌ಗೆ ಬೇತಾಳ ಅನ್ನೋದನ್ನ ನಾನು ಇನ್ಮೇಲೆ ಬಿಡಲ್ಲ.

ಆದ್ರೆ ಸೋಲ್ ಹಾಗೇ ಉಳೀತು. ಅದನ್ನ ಬಿಟ್ಟು ಏಂಜಲ್ ಸ್ಪೈಕ್ ಜಗಳ ಆಡೋಕೇ ಆಗಲ್ಲ, ಜಗಳದ ಬೇರೇ ಅಲ್ಲಿದೆ.

ಏಂಜಲ್ ಕತೆ ಏನಂದ್ರೆ ಅವನು ನೂರಾರು ಜನರನ್ನ ಕೊಂದವನು, 1898ರಲ್ಲಿ ರೊಮಾನಿಯಾ ಕಡೆ ಒಂದು ಅಲೆಮಾರಿ ಕುಲದ ಹುಡುಗೀನ ಕೊಂದ, ಆ ಕುಲದವರು ಸೇಡಿಗೆ ಅಂತ ಅವನ ಸೋಲನ್ನ ಅವನೊಳಗೆ ವಾಪಸ್ ತುಂಬಿದ್ರು. ನೋಡಿ, ಅದು ಶಾಪ, ವರ ಅಲ್ಲ. ಕೊಂದವರ ಮುಖ ಒಂದೊಂದೂ ಕಣ್ಣಮುಂದೆ ಬಂದು ಅವನು ನರಳಬೇಕು ಅನ್ನೋದೇ ಶಿಕ್ಷೆ. ಅದರಲ್ಲೂ ಒಂದು ಕಟ್ಟು ಇದೆ, ಒಂದು ಗಳಿಗೆ ಪರಿಪೂರ್ಣ ಸುಖ ಸಿಕ್ಕಿದ್ರೆ ಸೋಲ್ ಮತ್ತೆ ಹೊರಟುಹೋಗುತ್ತೆ. ಎರಡನೇ ಸೀಸನ್ನಲ್ಲಿ ಬಫಿ ಪ್ರೀತಿಯಿಂದಲೇ ಅದು ಹೋಗುತ್ತೆ, ಬೆಳಗಾಗೋದ್ರಲ್ಲಿ ಅವನು ಬೇರೆಯವನೇ. ಇಲ್ಲಿ ಆತ್ಮ ಒಂಥರಾ ಹೊಂದುತ್ತೆ, ಯಾಕಂದ್ರೆ ಕನ್ನಡದಲ್ಲಿ ಆತ್ಮ ಅಂದ್ರೆ ತಾನು ಅಂತಲೂ ಅರ್ಥ ಇದೆ, ಆತ್ಮಕತೆ, ಆತ್ಮಗೌರವ, ಆತ್ಮೀಯ ಇವುಗಳಲ್ಲೆಲ್ಲ ಇರೋದು ಆ ತಾನೇ. ಆತ್ಮ ಹೋಯ್ತು ಅಂದ್ರೆ ತಾನು ಅನ್ನೋನು ಹೋದ, ಉಳಿದಿದ್ದು ಬೇರೆ ಯಾರೋ. ಏಂಜಲ್ ಮಟ್ಟಿಗೆ ಸರಿ, ಸೀರಿಯಲ್ಲೂ ಆ ಇನ್ನೊಬ್ಬನಿಗೆ ಏಂಜೆಲಸ್ ಅಂತ ಬೇರೆ ಹೆಸರೇ ಇಟ್ಟಿದೆ.

ಸ್ಪೈಕ್ ಹತ್ರ ಬಂದ್ರೆ ಈ ಪದ ಕುಸಿಯುತ್ತೆ. 1880ರ ಲಂಡನ್ನಲ್ಲಿ ಅವನು ವಿಲಿಯಂ ಅನ್ನೋ ಮೆತ್ತನೆ ಸ್ವಭಾವದ ಕವಿ, ಎಲ್ರೂ ಅವನ ಪದ್ಯ ಕೇಳಿ ನಕ್ಕವರೇ. ವ್ಯಾಂಪೈರ್ ಆದ ಮೇಲೂ ಆ ವಿಲಿಯಂ ಪೂರ್ತಿ ಹೋಗಿಲ್ಲ, ಸೋಲ್ ಇಲ್ಲದೇನೂ ಅವನು ಪ್ರೀತಿಸ್ತಾನೆ. ಐದನೇ ಸೀಸನ್ನಲ್ಲಿ ಬಫಿ ತಾಯಿ ತೀರಿಕೊಂಡಾಗ ಅವನು ಹೂಗುಚ್ಛ ತರ್ತಾನೆ, ಬಾಗಿಲಲ್ಲೇ ಬೈದು ಕಳಿಸ್ತಾರೆ, ಬಫಿನ ಮೆಚ್ಚಿಸೋಕೆ ನಾಟಕ ಅಂತ. ಅವನು ಹೂವನ್ನ ಅಲ್ಲೇ ಎಸೆದು ಹೋದ ಮೇಲೆ ಬಫಿ ಗೆಳತಿ ವಿಲೋ ನೋಡಿದ್ರೆ ಅದರಲ್ಲಿ ಹೆಸರು ಬರೆದ ಚೀಟೀನೇ ಇಲ್ಲ. ಯಾರಿಗೂ ತೋರಿಸ್ಕೊಳೋಕೆ ತಂದಿದ್ದಲ್ಲ ಅದು. ಈ ಸೀನಲ್ಲಿ ಅಮ್ಮನ ಕಣ್ಣು ತುಂಬಿತ್ತು.

ನಾನು ಮೊದಲು ಹಿಡಿದಿದ್ದು ಅಂತಃಕರಣ ಅನ್ನೋ ಪದ. ಶಾಸ್ತ್ರದಲ್ಲಿ ಮನಸ್ಸು ಬುದ್ಧಿ ಚಿತ್ತ ಅಹಂಕಾರ ಸೇರಿ ಅಂತಃಕರಣ ಅಂತಾರೆ, ಬಳಕೇಲಿ ಅದು ಕರುಣೆ, ಅಕ್ಕರೆ ಆಗಿದೆ, ಧಾರವಾಡದ ಕಡೆ ಗೆಳತಿ ಒಬ್ಬಳು ಯಾರನ್ನಾದ್ರೂ ಹೊಗಳಬೇಕಾದ್ರೆ ಅಂತಃಕರಣ ಭಾಳ ಐತಿ ಅಂತಾಳೆ, ಎಷ್ಟು ಚಂದ ಆ ಮಾತು. ಆದ್ರೆ ಚೀಟಿ ಇಲ್ಲದ ಹೂ ತಂದವನಿಗೆ ಅಂತಃಕರಣ ಇಲ್ಲ ಅನ್ನೋದು ಹೆಂಗೆ? ಅಮ್ಮ ಕರುಳು ಅಂದ್ರು, ಕರುಳಿಲ್ಲದವನು ಅನ್ನು ಸಾಕು ಅಂತ. ಅದಕ್ಕೂ ಇದೇ ತೊಡಕು, ಅವನಿಗೆ ಕರುಳು ಇತ್ತಲ್ಲ. ಬೈಬಲ್ಲಿನ ಕನ್ನಡದಲ್ಲಿ ಪೂರ್ಣಹೃದಯ, ಪೂರ್ಣಪ್ರಾಣ ಅಂತ ಬರುತ್ತಲ್ಲ, ಅಲ್ಲಿ ಸೋಲ್‌ಗೆ ಪ್ರಾಣ ಅಂತ ಹಾಕಿದಾರೆ, ಪವಿತ್ರಾತ್ಮದ ಆತ್ಮ ಬೇರೆ ಪದಕ್ಕೆ. ಆದ್ರೆ ಓಡಾಡೋ ಬೇತಾಳಕ್ಕೆ ಪ್ರಾಣ ಇಲ್ಲ ಅಂದ್ರೆ ಸತ್ತಿದೆ ಅಂತಷ್ಟೇ ಕೇಳ್ಸುತ್ತೆ.

ಕಡೆಗೆ ಮನಸ್ಸಾಕ್ಷಿ ಅಂತ ಬಂದು ನಿಂತೆ. ಸ್ಪೈಕ್‌ಗೆ ಕರುಳಿತ್ತು, ಮನಸ್ಸಾಕ್ಷಿ ಇರಲಿಲ್ಲ. ತನ್ನವರಿಗಾಗಿ ಜೀವ ಕೊಡ್ತಾನೆ, ಗ್ಲೋರಿ ಅನ್ನೋಳು ಎಷ್ಟು ಹಿಂಸೆ ಕೊಟ್ರೂ ಬಫಿ ತಂಗಿಯ ಗುಟ್ಟು ಬಾಯಿಬಿಡಲ್ಲ, ಆದ್ರೆ ಗುರುತಿಲ್ಲದವನನ್ನ ಕೊಂದ್ರೆ ಅವನಿಗೆ ಏನೂ ಅನ್ಸಲ್ಲ. ಈ ವ್ಯತ್ಯಾಸ ಕನ್ನಡದ ಎರಡು ಪದದಲ್ಲಿ ಎಷ್ಟು ಸ್ಪಷ್ಟವಾಗಿ ಬಂತು ನೋಡಿ, ಇಂಗ್ಲಿಷಿನ ಒಂದೇ ಸೋಲ್ ಅದನ್ನ ಮುಚ್ಚಿಟ್ಟಿತ್ತು.

ತಂಗಿ ಬಿಡ್ಲಿಲ್ಲ. ಆರನೇ ಸೀಸನ್ ಕೊನೇಗೆ, ಅಂದ್ರೆ 2002ರಲ್ಲಿ, ಸ್ಪೈಕ್ ಬಫಿ ಮೇಲೆ ಬಲಾತ್ಕಾರಕ್ಕೆ ಕೈ ಹಾಕ್ತಾನೆ. ನಾನು ಅದನ್ನ ಸಮರ್ಥಿಸಲ್ಲ, ಯಾರೂ ಸಮರ್ಥಿಸಬಾರದು, ನೋಡೋವಾಗ ಈಗಲೂ ಮೈ ನಡುಗುತ್ತೆ. (ಇದನ್ನ ಹೇಳೋವಾಗ ದಯವಿಟ್ಟು ಮಾನಭಂಗ ಅನ್ನೋ ಪದ ಬಳಸ್ಬೇಡಿ, ಭಂಗ ಆಗಿದ್ದು ಅವಳ ಮಾನ ಅಲ್ಲ, ತಪ್ಪು ಮಾಡಿದ್ದು ಅವನು.) ಅದಾದ ಮೇಲೆ ಅವನು ಆಫ್ರಿಕಾಕ್ಕೆ ಹೋಗಿ, ಮೈಯೆಲ್ಲ ಸುಟ್ಕೊಂಡು ಪರೀಕ್ಷೆ ಎದುರಿಸಿ ಸೋಲ್ ಪಡ್ಕೊಂಡು ಬರ್ತಾನೆ. ತಂಗಿ ಪ್ರಶ್ನೆ ಇದು: ಮನಸ್ಸಾಕ್ಷಿ ಇಲ್ಲದವನನ್ನ ಆಫ್ರಿಕಾಕ್ಕೆ ಕಳಿಸಿದ್ದು ಯಾರು? ಮಾಡಿದ್ದು ತಪ್ಪು ಅಂತ ಚುಚ್ಚಿದ್ದು ಯಾವುದು? ಚುಚ್ಚಿದ್ರೆ ಅದೇ ಮನಸ್ಸಾಕ್ಷಿ, ಅಂದ್ರೆ ಅದು ಮೊದಲೇ ಇತ್ತು, ನಿನ್ನ ಪದ ಬಿದ್ದೋಯ್ತು.

ನಾನು ಕೊಟ್ಟ ಉತ್ತರ, ಅಲ್ಲಿ ನೊಂದಿದ್ದು ಕರುಳು, ತಾನು ಪ್ರೀತಿಸಿದವಳಿಗೆ ತಾನೇ ನೋವು ಕೊಟ್ಟೆ ಅಂತ, ಅಳುಕು ಅಂತಾರಲ್ಲ ಹಾಗೆ ಒಂದು. ಮನಸ್ಸಾಕ್ಷಿ ಬಂದಿದ್ದು ಆಮೇಲೆ, ಬಂದ ಮೇಲೆ ಅವನು ಸ್ಕೂಲಿನ ನೆಲಮಾಳಿಗೇಲಿ ಹುಚ್ಚು ಹಿಡಿದವನ ಥರ ಬಡಬಡಿಸ್ತಾ ಕೂರ್ತಾನೆ, ಆಗ ಕಾಡಿದ್ದು ಬಫಿ ಒಬ್ಬಳ ನೋವಲ್ಲ, ಸತ್ತವರೆಲ್ಲರದ್ದು. ಏಂಜಲ್ ಮೇಲೆ ಮನಸ್ಸಾಕ್ಷಿ ಹೊರಿಸಿದ್ರು, ಸ್ಪೈಕ್ ಹೋಗಿ ಕೇಳಿ ಹೊತ್ಕೊಂಡ. ನನ್ನ ಇಡೀ ವಾದ ಈ ಎರಡು ಕ್ರಿಯಾಪದದ ಮೇಲೆ ನಿಂತಿದೆ. ಆದ್ರೂ ತಂಗಿ ಮಾತು ಪೂರ್ತಿ ತಳ್ಳಿಹಾಕೋಕೆ ಆಗ್ತಿಲ್ಲ, ಅಳುಕು ಎಲ್ಲಿ ಮುಗಿದು ಮನಸ್ಸಾಕ್ಷಿ ಎಲ್ಲಿ ಶುರು ಅಂತ ಬಳಕೆಯಿಂದ ತೋರಿಸೋರು ಯಾರಾದ್ರೂ ಇದ್ರೆ ಬರೀರಿ.

ಇದರ ಮಗ್ಗುಲಲ್ಲೇ ಇನ್ನೊಂದು ಪದ. ಒಬ್ಬ ಗಂಡಸಿಗೆ ಇಬ್ಬರು ಹೆಂಗಸರಾದ್ರೆ ಅವರಿಬ್ಬರ ನಂಟಿಗೆ ಸವತಿ ಅಂತ ಪದ ಇದೆ, ಸವತಿ ಮತ್ಸರ ಅಂತ ಭಾವಕ್ಕೂ ಹೆಸರಿದೆ. ಒಬ್ಬ ಹೆಣ್ಣಿನ ಇಬ್ಬರು ಗಂಡಸರಿಗೆ? ಏಂಜಲ್‌ಗೆ ಸ್ಪೈಕ್ ಏನಾಗ್ಬೇಕು? ಸವತಿ ಬಂದಿದ್ದು ಸಂಸ್ಕೃತದ ಸಪತ್ನಿಯಿಂದ, ಅದಕ್ಕೆ ಅಲ್ಲಿ ಸಪತ್ನ ಅಂತ ಪುಲ್ಲಿಂಗ ಇದೆ, ಆದ್ರೆ ಅದಕ್ಕೆ ಶತ್ರು, ಎದುರಾಳಿ ಅಂತಷ್ಟೇ ಅರ್ಥ, ಪ್ರೀತಿಯ ಸುಳಿವಿಲ್ಲ. ಉಪನಾಯಕ ಅನ್ನೋದನ್ನ ಹಳೇ ಅಲಂಕಾರಶಾಸ್ತ್ರದಲ್ಲಿ ನಾಯಿಕೆಯ ಎರಡನೇ ಪ್ರಿಯನಿಗೆ ಬಳಸಿದಾರೆ, ಅಂಥ ಪ್ರೀತಿ ರಸ ಅಲ್ಲ ರಸಾಭಾಸ ಅಂತ ಪಕ್ಕಕ್ಕೆ ಇಟ್ಟಿದ್ದೂ ಇದೆ, ಆದ್ರೆ ಇವತ್ತು ಉಪನಾಯಕ ಅಂದ್ರೆ ಕ್ರಿಕೆಟ್ ಟೀಮಿನ ವೈಸ್ ಕ್ಯಾಪ್ಟನ್. ಪ್ರಿಯಕರ ಅನ್ನೋದನ್ನ ಪೇಪರಿನ ಕ್ರೈಂ ಸುದ್ದಿ ಹಾಳುಮಾಡಿದೆ, ಪ್ರಿಯಕರನ ಜೊತೆ ಸೇರಿ ಅಂತ ಓದಿದ್ರೆ ಮುಂದಿನ ಪದ ಕೊಲೆ ಅಂತ ಎಲ್ರಿಗೂ ಗೊತ್ತು. ಇನಿಯ, ನಲ್ಲ ಎರಡೂ ಮುದ್ದಾದ ಪದ, ನಂಗಿಷ್ಟ, ಆದ್ರೆ ಅವು ಒಬ್ಬನೇ ಅನ್ನೋ ಭಾವ ಹೊತ್ತಿವೆ. ಇಬ್ಬರು ನಲ್ಲರು ಅಂದ್ರೆ ಕಿವಿಗೆ ಒಗ್ಗಲ್ಲ.

ಪದ ಇಲ್ಲ ಅಂತ ಈ ಜಗಳ ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಬೇತಾಳದ ಬಾಯಲ್ಲೇ ಇದೆ. ಮಂದಾರವತಿ ಅನ್ನೋ ಹುಡುಗಿಗೆ ಮೂರು ಜನ ವರರು, ಯಾರಿಗೂ ಕೊಡೋಕಾಗದೆ ಇರೋವಾಗ ಅವಳು ಜ್ವರ ಬಂದು ಸಾಯ್ತಾಳೆ. ಒಬ್ಬ ಅವಳ ಮೂಳೆ ತಗೊಂಡು ಗಂಗೆಗೆ ಹೋದ, ಒಬ್ಬ ಸನ್ಯಾಸಿ ಆಗಿ ಅಲೀತಾ ಹೋಗಿ ಬದುಕಿಸೋ ಮಂತ್ರ ಕಲಿತು ಬಂದ, ಒಬ್ಬ ಎಲ್ಲೂ ಹೋಗದೆ ಸ್ಮಶಾನದಲ್ಲೇ ಅವಳ ಬೂದಿ ಮೇಲೆ ಮಲಗಿದ. ಅವಳು ಬದುಕಿದ ಮೇಲೆ ಯಾರಿಗೆ ಸೇರ್ಬೇಕು? ರಾಜ ಹೇಳ್ತಾನೆ, ಜೀವ ಕೊಟ್ಟವನು ತಂದೆ, ಮೂಳೆ ಹೊತ್ತವನು ಮಗ, ಬೂದಿ ಬಿಟ್ಟು ಕದಲದವನು ಗಂಡ.

ಬಫೀನೂ 2001ರಲ್ಲಿ, ಐದನೇ ಸೀಸನ್ ಕೊನೇಲಿ ಸಾಯ್ತಾಳೆ, ವಿಲೋ ಮಂತ್ರ ಹಾಕಿ ಬದುಕಿಸ್ತಾಳೆ. ಏಂಜಲ್ ಆ ದುಃಖದಲ್ಲಿ ದೂರದ ಶ್ರೀಲಂಕಾದ ಮಠಕ್ಕೆ ಹೋಗಿರ್ತಾನೆ. ಸ್ಪೈಕ್ ಸನ್ನಿಡೇಲ್ ಬಿಟ್ಟು ಹೋಗಲ್ಲ, ಕೊಟ್ಟ ಮಾತಿಗಾಗಿ ಅವಳ ತಂಗೀನ ಕಾಯ್ತಾ ಕೂರ್ತಾನೆ. ಬಫಿ ಮೆಟ್ಟಿಲಿಳಿದು ಬಂದಾಗ ಅವಳ ಬೆರಳ ಗಂಟೆಲ್ಲ ಕಿತ್ತು ರಕ್ತ ಆಗಿರುತ್ತೆ, ಶವಪೆಟ್ಟಿಗೆ ಒಡ್ಕೊಂಡು ಮಣ್ಣು ತೋಡಿ ಎದ್ದು ಬಂದಿದಾಳೆ ಅಂತ ನೋಡಿದ ತಕ್ಷಣ ಅವನು ಗುರುತು ಹಿಡೀತಾನೆ, ಅವನೂ ಹಾಗೇ ಎದ್ದು ಬಂದವನಲ್ವಾ. ಎಷ್ಟು ದಿನ ಆಯ್ತು ನಾನು ಹೋಗಿ ಅಂತ ಅವಳು ಕೇಳ್ತಾಳೆ. ನಿನ್ನೆಗೆ 147, ಇವತ್ತಿಗೆ 148 ಅಂತಾನೆ, ಆದ್ರೆ ಇವತ್ತಿನದು ಲೆಕ್ಕಕ್ಕಿಲ್ಲ ಅಂತಾನೆ.

ಈ ಸೀನ್ ಮುಗಿದಾಗ ಬೇತಾಳದ ಕತೆ ನೆನಪಿಸಿದ್ದು ಅಮ್ಮಾನೇ, ಬೂದಿ ಕಾಯ್ದೋನು ಇವನೇ ಕಣ್ರೇ ಅಂತ. ತಂಗಿ ಇನ್ನೂ ಒಪ್ಪಿಲ್ಲ, ಮೂಳೆ ಹೊತ್ತು ದೂರ ಹೋಗೋದೂ ಪ್ರೀತೀನೇ, ಅವಳಿಗೆ ಬಿಸಿಲಿನ ಬದುಕು ಸಿಗ್ಲಿ ಅಂತ ತಾನಾಗಿ ಊರು ಬಿಟ್ಟವನು ಏಂಜಲ್ ಅಂತಾಳೆ.

ಹಾಗಾಗಿ ನನಗೆ ಬೇಕಾಗಿರೋದು ಎರಡು. ಕುಂದಾಪುರ, ಕೊಡಗು, ಬೀದರ್, ಕೋಲಾರ, ನಿಮ್ಮ ಯಾವ ಕಡೆಯಾದ್ರೂ ಸರಿ, ತಪ್ಪು ಮಾಡಿದ್ಮೇಲೆ ಒಳಗೆ ಚುಚ್ಚೋದಕ್ಕೆ ಮನಸ್ಸಾಕ್ಷಿಗಿಂತ ಹಳೇ, ಮನೆಯೊಳಗಿನ ಪದ ಇದ್ರೆ ಅದು ಬರೋ ಒಂದು ಪೂರ್ತಿ ವಾಕ್ಯದ ಸಮೇತ ಕೊಡಿ. ಮತ್ತೆ ಸವತಿಗೆ ಗಂಡುರೂಪವನ್ನ ನಿಮ್ಮಜ್ಜಿ ಬೈಗುಳದಲ್ಲೋ ಹಾಡಲ್ಲೋ ಬಳಸಿದ್ದು ಕೇಳಿದೀರಾ? ನಾವು ಈಗ ಏಳನೇ ಸೀಸನ್ನಿನ ಮೂರನೇ ಎಪಿಸೋಡಲ್ಲಿದೀವಿ, ಅಮ್ಮ ಸದ್ಯಕ್ಕೆ ಅವರಿಬ್ಬರಿಗೂ ದೊಡ್ಡೋನು, ಚಿಕ್ಕೋನು ಅಂತಾರೆ.